ಉರಿ ಆರಿದ್ದು ನೋಡಿಯೇ ಪೈಪಿಗೆ ಬಿರಡೆ

ಬೆಳಗಿನ ಐದೂ ಮುಕ್ಕಾಲು. ಸಾಲಾಗಿ ಅಂಟಿಕೊಂಡ ನಾಲ್ಕು ಮನೆಗಳ ಪೈಕಿ ಮೂರನೆಯದರ ಅಡುಗೆಕೋಣೆ. ಐವತ್ತೆಂಟು ವರ್ಷದ ಒಬ್ಬರು ನೆಲಕ್ಕೆ ಮಂಡಿಯೂರಿ, ಕಟ್ಟೆಯ ಕೆಳಗೆ ತಲೆ ತೂರಿಸಿ, ಗೋಡೆಯಿಂದ ಹೊರಬಂದ ಪೈಪಿನ ತುದಿಯನ್ನು ಮೂಸುತ್ತಿದ್ದಾರೆ. ಒಮ್ಮೆ ಎಡಗಡೆಯಿಂದ, ಒಮ್ಮೆ ಬಲಗಡೆಯಿಂದ. ಆಮೇಲೆ ಗಡ್ಡಕ್ಕೆ ಸೋಪು ಹಚ್ಚುವ ಹಳೇ ಬ್ರಷ್ಷನ್ನು ನೊರೆಯಲ್ಲಿ ಅದ್ದಿ ಕೀಲುಗಳಿಗೆಲ್ಲ ಬಳಿದು, ಗುಳ್ಳೆ ಏಳುತ್ತದೆಯೇ ಎಂದು ಟಾರ್ಚು ಬಿಟ್ಟು ನೋಡುತ್ತಾರೆ. ಗುಳ್ಳೆ ಇಲ್ಲ. “ಇಷ್ಟು ಬೇಗ ಬರೋದು ಇದಕ್ಕೇ. ಅಡುಗೆ ಶುರುವಾದ್ಮೇಲೆ ಮೂಗಿಗೆ ಏನೂ ತಿಳಿಯಲ್ಲ. ಈಗ ಗಾಳಿ ತೊಳೆದಿಟ್ಟ ಹಾಗಿರುತ್ತೆ,” ಎನ್ನುತ್ತಾರೆ, ತಲೆ ಹೊರಗೆ ತೆಗೆಯದೆ.

ಇವರನ್ನು ಜೊತೆ ಕೆಲಸದವರು ಬಿರಡೆ ಮಾಮ ಎಂದು ಕರೆಯುತ್ತಾರೆ. ಮನೆಗೆ ಪೈಪಿನಲ್ಲಿ ಬರುವ ಗ್ಯಾಸನ್ನು ಶಾಶ್ವತವಾಗಿ ನಿಲ್ಲಿಸಿ, ಪೈಪಿನ ಬಾಯಿಗೆ ಹಿತ್ತಾಳೆಯ ಬಿರಡೆ ತಿರುಗಿಸಿ ಹೋಗುವುದು ಇವರ ಕೆಲಸ. ಜನ ಈಗ ಒಬ್ಬರನ್ನು ನೋಡಿ ಒಬ್ಬರು ಕರೆಂಟಿನ ಒಲೆಗೆ ಹೊರಳುತ್ತಿದ್ದಾರೆ. ಹೊಸ ಒಲೆ ತಂದುಕೊಟ್ಟವನಿಗೆ ಚಹಾ ಸಿಗುತ್ತದೆ, ಅವನ ಜೊತೆ ನಿಂತು ಫೋಟೋ ಕೂಡ ತೆಗೆಸಿಕೊಳ್ಳುತ್ತಾರೆ. ಹಳೆಯದನ್ನು ಅಪಾಯವಿಲ್ಲದೆ ಕಳಚಿಕೊಡುವವರಿಗೆ ಹಿತ್ತಲ ಬಾಗಿಲು ತೋರಿಸುತ್ತಾರೆ.

ಬಹಳ ಮನೆಗಳಲ್ಲಿ ಹಳೇ ಒಲೆ ಮಾರಿದ ದಿನವೇ ಗ್ಯಾಸು ತೊಲಗಿತು ಎಂದುಕೊಳ್ಳುತ್ತಾರೆ. ಗ್ಯಾಸೇನು ಒಲೆಯ ಹಿಂದೆ ಗಾಡಿ ಹತ್ತಿ ಹೋಗುತ್ತದೆಯೇ? ಅದು ಗೋಡೆಯೊಳಗಿನ ಪೈಪಿನಲ್ಲಿ ತುಂಬಿಕೊಂಡು, ಒಂದು ಬೆರಳುದ್ದದ ನಲ್ಲಿಯ ಹಿಂದೆ ಕೂತಿರುತ್ತದೆ. ಅದೇ ಗೋಡೆಗೆ ಮೊಳೆ ಹೊಡೆಯುವವರಿದ್ದಾರೆ, ಯಂತ್ರ ಹಿಡಿದು ಕೊರೆಯುವವರಿದ್ದಾರೆ. ಹೇಳಲು ಹೋದರೆ “ನಲ್ಲಿ ತಿರುಗಿಸಿದ್ದೀವಲ್ಲ” ಎಂದು ಬಿರಡೆ ಮಾಮನಿಗೇ ಪಾಠ ಮಾಡುತ್ತಾರೆ.

ಇವತ್ತಿನ ಮನೆ ಹಾಗಲ್ಲ. ಮನೆಯಾಕೆ ಟೈಲರ್. ಕತ್ತರಿ ಹಿಡಿಯುವ ಮುಂಚೆ ಎರಡು ಸಲ ಅಳೆದು ಅಭ್ಯಾಸ ಇರುವವರು. ಒಲೆ, ಓವನ್, ನೀರು ಕಾಯಿಸುವ ಗೀಸರ್, ಮೂರೂ ಕರೆಂಟಿನದಾದ ಮೇಲೆ ತಾವೇ ಕಚೇರಿಗೆ ಹೋಗಿ ಅರ್ಜಿ ಬರೆದುಕೊಟ್ಟು ಬಂದಿದ್ದಾರೆ. ಎಂಟು ಗಂಟೆಗೆ ಗಾರೆ ಮೇಸ್ತ್ರಿ ಈ ಗೋಡೆ ಒಡೆದು, ಪೈಪು ಕಿತ್ತು, ಕಪಾಟಿಗೆ ಜಾಗ ಮಾಡಬೇಕು. ಮೇಸ್ತ್ರಿ ಆಗಲೇ ಬಂದು ಸುತ್ತಿಗೆ ಮತ್ತು ಗೋಡೆ ಕೊಯ್ಯುವ ಯಂತ್ರವನ್ನು ಬಾಗಿಲ ಬಳಿ ಇಟ್ಟುಕೊಂಡು ನಿಂತಿದ್ದಾನೆ. ಸುತರಾಂ ಒಪ್ಪದವರು ಒಬ್ಬರೇ, ಟೈಲರ್ ಅವರ ಅತ್ತೆ. ಕಪ್ಪು ಗಾಜಿನ ಹೊಸ ಒಲೆಯನ್ನು ಅವರು ಕಣ್ಣೆತ್ತಿ ನೋಡುವುದಿಲ್ಲ. ಉರಿಯೇ ಕಾಣದ ಮೇಲೆ ಹಾಲು ಉಕ್ಕುವುದು ಯಾವಾಗ ಎಂದು ತಿಳಿಯುವುದು ಹೇಗೆ ಎನ್ನುವುದು ಅವರ ತಕರಾರು. ಸೊಸೆ ಅದಕ್ಕೆ, ಉರಿ ಕಾಣುತ್ತಿದ್ದಾಗಲೂ ದಿನಾ ಉಕ್ಕಿಸಿದವರು ನೀವೇ ಅತ್ತೆ, ಎಂದು ನೆನಪು ಮಾಡುತ್ತಾರೆ.

ಬಿರಡೆ ಮಾಮ ಚೀಲದಿಂದ ಅಂಗೈ ಅಗಲದ ಒಂಟಿ ಒಲೆ ತೆಗೆಯುತ್ತಾರೆ. ರಬ್ಬರ್ ಟ್ಯೂಬಿನಿಂದ ಅದನ್ನು ಗೋಡೆಯ ಪೈಪಿಗೆ ಸೇರಿಸಿ, ನಲ್ಲಿ ತೆರೆದು, ಕಡ್ಡಿ ಗೀರುತ್ತಾರೆ. ನೀಲಿ ಉರಿ ಹತ್ತಿಕೊಳ್ಳುತ್ತದೆ. ಇದು ಅವರದೇ ಪದ್ಧತಿ, ನಿಯಮದ ಪುಸ್ತಕದಲ್ಲಿಲ್ಲ. ಅಡುಗೆಮನೆಯಲ್ಲಿ ಉರಿ ಹಚ್ಚಿಟ್ಟು, ಅದರ ಮುಂದೆ ಮನೆಯವರೊಬ್ಬರನ್ನು ಕೂರಿಸಿ, ತಾವು ಹಿತ್ತಲಿಗೆ ಹೋಗಿ ಆ ಮನೆಯ ವಾಲ್ವ್ ಮುಚ್ಚುತ್ತಾರೆ. ಪೈಪಿನಲ್ಲಿ ಉಳಿದದ್ದು ಮುಗಿಯಲು ಒಂದೂವರೆ ನಿಮಿಷ. ಉರಿ ಆರಿತು ಎಂದು ಒಳಗಿನಿಂದ ಕೂಗು ಬರಬೇಕು. ಬಂದ ಮೇಲೇ ಪೈಪಿಗೆ ಸ್ಪ್ಯಾನರ್ ಹಾಕುವುದು. ವಾಲ್ವಿಗೆ ಕಟ್ಟಿದ ನಂಬರಿನ ಬಿಲ್ಲೆ ಏನೇ ಹೇಳಲಿ, ಉರಿ ಹೇಳಬೇಕು.

ಈ ಹಟ ಸುಮ್ಮನೆ ಬಂದದ್ದಲ್ಲ. ಏಳನೇ ತರಗತಿಗೆ ಓದು ಬಿಟ್ಟು, ಹತ್ತೊಂಬತ್ತನೇ ವಯಸ್ಸಿಗೆ ಗ್ಯಾಸ್ ಪೈಪಿನ ಕಾಲುವೆ ತೋಡಲು ಬಂದವರು ಇವರು. ಮಣ್ಣು ಹೊತ್ತುಕೊಂಡೇ ಕೆಲಸ ಕಲಿತು ಫಿಟ್ಟರ್ ಆದರು. ಹದಿಮೂರು ವರ್ಷದ ಹಿಂದೆ ಇವರ ಜೊತೆಗಾರನೊಬ್ಬ ಬಿಲ್ಲೆ ನೋಡಿ ವಾಲ್ವ್ ಮುಚ್ಚಿ, ಪೈಪಿಗೆ ಗರಗಸ ಇಟ್ಟ. ಬಿಲ್ಲೆ ತಪ್ಪಾಗಿತ್ತು. ಒಂದೇ ಒಂದು ಕಿಡಿ ಹಾರಿತು. ಆತ ಬದುಕಿಕೊಂಡ. ಬಲಗಣ್ಣು ಹೋಯಿತು. ಈಗ ಸೈಕಲ್ ಅಂಗಡಿ ಇಟ್ಟುಕೊಂಡಿದ್ದಾನೆ. “ಅವನು ನನಗಿಂತ ಹುಷಾರಿ ಕೆಲಸಗಾರ. ಬಿಲ್ಲೆ ಬರೆದೋನು ಯಾರೋ ಏನೋ, ಮನೇಲಿ ಊಟ ಮಾಡ್ಕೊಂಡು ಆರಾಮಾಗಿದ್ದಾನೆ,” ಎನ್ನುತ್ತಾರೆ ಮಾಮ. ಆ ವಾರವೇ ಗುಜರಿಯಲ್ಲಿ ಈ ಪುಟ್ಟ ಒಲೆ ಕೊಂಡರು.

ಚೀಲದ ತೂಕ ಹನ್ನೊಂದು ಕಿಲೋ. ಏಳುವುದು ನಾಲ್ಕೂವರೆಗೆ. ಮೂರು ವರ್ಷದಲ್ಲಿ ಬಿರಡೆ ಹಾಕಿದ ಮನೆಗಳು ಮೂರು ಸಾವಿರದ ಇನ್ನೂರಕ್ಕೂ ಹೆಚ್ಚು. ಎಡ ಮಂಡಿ ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ. ಕಟ್ಟೆಯ ಕೆಳಗೆ ಜಿರಲೆ ಕುಟುಂಬಗಳ ಪರಿಚಯ ಬೇಕಾದಷ್ಟಾಗಿದೆ. ಹಿಂದೆ ಗ್ಯಾಸ್ ಕೊಡಲು ಹೋದಾಗ ಮನೆಯವರು ಬಾಗಿಲಲ್ಲೇ ಕಾಯುತ್ತಿದ್ದರಂತೆ. ಈಗ ತೆಗೆಯಲು ಹೋದರೆ ಯಾವುದೋ ಸಾಮಾನು ಹೊತ್ತೊಯ್ಯಲು ಬಂದವರಂತೆ ನೋಡುತ್ತಾರೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವ ಇವರ ಹೆಂಡತಿಗೆ ಇದೆಲ್ಲ ತಮಾಷೆ. “ಊರವರ ಒಲೆಯೆಲ್ಲ ಆರಿಸಿ ಬಂದು, ನಮ್ಮನೆ ಒಲೆ ಇನ್ನೂ ಹಚ್ಚಿಲ್ವಾ ಅಂತ ನನ್ನ ಕೇಳ್ತಾರೆ,” ಎಂದು ಬಂದವರಿಗೆಲ್ಲ ಹೇಳುತ್ತಾರೆ.

ತಮಾಷೆಯಲ್ಲದ್ದು ಕಚೇರಿಯ ಗೋಡೆಯ ಮೇಲಿದೆ. ಅಲ್ಲಿ ಒಂದು ಬಿಳೀ ಹಲಗೆ. ಪ್ರತಿ ಫಿಟ್ಟರ್ ದಿನಕ್ಕೆ ಎಷ್ಟು ಮನೆ ಮುಗಿಸಿದ ಎಂದು ಅದರಲ್ಲಿ ಬರೆಯುತ್ತಾರೆ. ಎಲ್ಲರದೂ ಎಂಟು, ಒಂಬತ್ತು. ಬಿರಡೆ ಮಾಮನದು ನಾಲ್ಕು, ಐದು. ಒಲೆ ಹಚ್ಚಿ, ಕೂಗಿಗೆ ಕಾದು, ಮತ್ತೆ ನೊರೆ ಬಳಿದು ನೋಡುವುದಕ್ಕೆ ಮನೆಗೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ಮೇಲ್ವಿಚಾರಕ ಕೆಟ್ಟವನಲ್ಲ. ಆದರೆ ಅವನ ಹಲಗೆಯನ್ನು ನೋಡುವ ಇನ್ನೊಬ್ಬ ಮೇಲಿದ್ದಾನೆ. ಬಿಲ್ಲೆ ನೋಡಿ ಮುಚ್ಚಿದರೆ ಸಾಕು, ತಿಂಗಳ ಕೊನೆಯೊಳಗೆ ಎಂಟು ಮುಟ್ಟದಿದ್ದರೆ ಉಗ್ರಾಣಕ್ಕೆ ಹಾಕುತ್ತೇವೆ ಎಂದು ಖಡಾಖಂಡಿತವಾಗಿ ಹೇಳಿಯಾಗಿದೆ. ಉಗ್ರಾಣ ಎಂದರೆ ಕುರ್ಚಿಯಲ್ಲಿ ಕೂತು ವಾಷರ್ ಎಣಿಸಿ ಕೊಡುವುದು. ಮಂಡಿಗೆ ಒಳ್ಳೆಯದು. ಮಾಮನಿಗೆ ಅದರ ಹೆಸರು ಕೇಳಿದರೇ ಊಟ ಸೇರುವುದಿಲ್ಲ. ತಿಂಗಳು ಮುಗಿಯಲು ಇನ್ನು ಒಂಬತ್ತು ದಿನ.

ಹೀಗಿರುವಾಗ ಈ ಬೆಳಿಗ್ಗೆ ಹಿತ್ತಲಿಗೆ ಇಳಿದು, ಗೋಡೆಗೆ ಅಳವಡಿಸಿದ ಪೆಟ್ಟಿಗೆಯ ಬಾಗಿಲು ತೆರೆದವರು ನಕ್ಕುಬಿಡುತ್ತಾರೆ. ಒಳಗೆ ಸಾಲಾಗಿ ನಾಲ್ಕು ವಾಲ್ವ್, ನಾಲ್ಕು ತಗಡಿನ ಬಿಲ್ಲೆ, ಒಂದರಿಂದ ನಾಲ್ಕರವರೆಗೆ ಬಣ್ಣದ ಅಂಕಿ. ಬಿಲ್ಲೆ ಕಟ್ಟಿದ ತಂತಿಯನ್ನು ಮೂರು ಸುತ್ತು ಸುತ್ತಿ, ಬೆರಳಿಗೆ ಚುಚ್ಚದಂತೆ ತುದಿಯನ್ನು ಒಳಕ್ಕೆ ಮಡಚಲಾಗಿದೆ. ಆ ಗಂಟು ತಮ್ಮದೇ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದ ಹಿಂದೆ ಈ ಸಾಲಿಗೆ ಬಿಲ್ಲೆ ಕಟ್ಟಿದವರು ಇವರೇ. “ನಾನೇ ಕಟ್ಟಿದ್ದು. ಇಲ್ಲಿ ಒಲೆ ಹಚ್ಚದಿದ್ರೂ ನಡೀತಿತ್ತು. ಅರ್ಧ ಗಂಟೆ ಉಳೀತಿತ್ತು,” ಎನ್ನುತ್ತಲೇ ಮೂರನೇ ನಂಬರಿನ ವಾಲ್ವ್ ತಿರುಗಿಸುತ್ತಾರೆ. ಒಲೆಯ ಮುಂದೆ ಕಾವಲಿಗೆ ಕೂತಿರುವವರು ಅತ್ತೆ. ಬೇಡವೆಂದ ಕೆಲಸಕ್ಕೆ ಕೊನೆಗೆ ತನ್ನನ್ನೇ ಸಾಕ್ಷಿ ಮಾಡಿದರಲ್ಲ ಎಂದು ಗೊಣಗುತ್ತಲೇ ಕೂತಿದ್ದಾರೆ.

ಒಂದೂವರೆ ನಿಮಿಷ ಆಯಿತು. ಎರಡಾಯಿತು. ಒಳಗಿನಿಂದ ಕೂಗಿಲ್ಲ. ಗಾರೆ ಮೇಸ್ತ್ರಿ ಹಿತ್ತಲ ಬಾಗಿಲಿಗೆ ಬಂದು, ಮಾಮ ಹೀಗೆ ದೀಪ ಕಾಯುತ್ತಾ ನಿಂತರೆ ತಾನು ತಂದ ಸಿಮೆಂಟು ಚೀಲದಲ್ಲೇ ಗೋಡೆಯಾಗುತ್ತದೆ ಎಂದು ಚುಚ್ಚುತ್ತಾನೆ. ಮಾಮ ಜಗ್ಗುವುದಿಲ್ಲ. ನಾಲ್ಕು ನಿಮಿಷವಾದ ಮೇಲೆ ಅತ್ತೆಯ ದನಿ ಬರುತ್ತದೆ, ಗೆದ್ದವರ ದನಿ.

“ಉರೀತಾನೇ ಇದೆಯಪ್ಪಾ. ಅದಕ್ಕೂ ಈ ಮನೆ ಬಿಟ್ಟು ಹೋಗೋಕೆ ಇಷ್ಟ ಇಲ್ಲ ನೋಡು.”

ಬಿರಡೆ ಮಾಮ ಒಳಗೆ ಓಡುತ್ತಾರೆ. ಆ ಮಂಡಿಯಲ್ಲಿ ಓಡುವುದನ್ನು ಓಟ ಎನ್ನಬಹುದಾದರೆ. ಉರಿ ಹಚ್ಚಿದಾಗ ಇದ್ದ ಹಾಗೇ ನೀಲಿಯಾಗಿ, ಒಂದೇ ಎತ್ತರಕ್ಕೆ ಉರಿಯುತ್ತಿದೆ. ಮತ್ತೆ ಹಿತ್ತಲಿಗೆ ಬಂದು ವಾಲ್ವ್ ಪೂರ್ತಿ ಮುಚ್ಚಿದೆಯೇ ನೋಡುತ್ತಾರೆ. ಮುಚ್ಚಿದೆ. ಪೆಟ್ಟಿಗೆಯ ಮುಂದೆ ನಿಂತು ಅದೇ ಬಿಲ್ಲೆಗಳನ್ನು ಇನ್ನೊಮ್ಮೆ ಎಣಿಸುತ್ತಾರೆ. ಆಮೇಲೆ ಬೀದಿಗೆ ಹೋಗಿ, ಮನೆಗಳನ್ನು ಮುಂದಿನಿಂದ ಎಣಿಸಿ, ಬೆರಳು ಎತ್ತಿದವರು ಎತ್ತಿದಂತೆಯೇ ನಿಂತುಬಿಡುತ್ತಾರೆ.

ಆದದ್ದು ಇಷ್ಟು. ಬಿಲ್ಲೆ ಕಟ್ಟಿದ ದಿನ ಅವರು ಬೀದಿಯಲ್ಲಿ ನಿಂತು ಮನೆಗಳನ್ನು ಎಡದಿಂದ ಬಲಕ್ಕೆ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿಕೊಂಡಿದ್ದರು. ಸುತ್ತು ಹಾಕಿ ಹಿತ್ತಲಿಗೆ ಬಂದು, ಗೋಡೆಗೆ ಮುಖ ಮಾಡಿ, ಬಿಲ್ಲೆಗಳನ್ನೂ ಎಡದಿಂದ ಬಲಕ್ಕೇ ಕಟ್ಟಿದ್ದರು. ಹಿಂದಿನಿಂದ ನೋಡಿದಾಗ ಎಡಕ್ಕೆ ಇರುವುದು ನಾಲ್ಕನೇ ಮನೆ. ನಾಲ್ಕು ಬಿಲ್ಲೆಗಳೂ ತಿರುಗುಮುರುಗು. ಮೂರು ಎಂದು ಬರೆದ ವಾಲ್ವ್ ಎರಡನೇ ಮನೆಯದು. ಆ ಮನೆಯವರು ಮೊಮ್ಮಗುವನ್ನು ನೋಡಲು ಹೋಗಿ ಎರಡು ತಿಂಗಳಿಂದ ಬೀಗ ಹಾಕಿದೆ. ಹಾಗಾಗಿ ಅಲ್ಲಿ ಗ್ಯಾಸು ನಿಂತರೂ ಕೇಳುವವರಿಲ್ಲ. ಮೀಟರುಗಳು ಮನೆಗಳ ಒಳಗೇ ಇರುವುದರಿಂದ ಬಿಲ್ಲುಗಳು ಸರಿಯಾಗಿಯೇ ಬರುತ್ತಿದ್ದವು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರಾದರೂ ಹಿತ್ತಲ ವಾಲ್ವ್ ಮುಟ್ಟಿರಲಿಲ್ಲ. ಇವತ್ತು ಬಿಲ್ಲೆ ನಂಬಿ ಬಿರಡೆ ಹಾಕಿದ್ದರೆ ಎಂಟು ಗಂಟೆಗೆ ಮೇಸ್ತ್ರಿಯ ಯಂತ್ರ ಗ್ಯಾಸು ತುಂಬಿದ ಪೈಪಿಗೇ ಬೀಳುತ್ತಿತ್ತು, ಅತ್ತೆ ಸೊಸೆ ಇಬ್ಬರೂ ಮನೆಯಲ್ಲಿರುವಾಗ.

ಇದನ್ನು ಮಾಮ ಮೆಲ್ಲಗೆ ಬಿಡಿಸಿ ಹೇಳುತ್ತಾರೆ. ಮೇಸ್ತ್ರಿ ಯಂತ್ರದ ವೈರನ್ನು ಸುತ್ತಿ ಪಕ್ಕಕ್ಕಿಟ್ಟು, ಮೆಟ್ಟಿಲ ಮೇಲೆ ಕೂರುತ್ತಾನೆ. ಟೈಲರ್ ಅವರು ಅತ್ತೆಯ ಕೈ ಹಿಡಿದುಕೊಂಡು ಅಂಗಳಕ್ಕೆ ಕರೆತರುತ್ತಾರೆ.

ಆಮೇಲೆ ಮಾಮ ಅವಸರ ಮಾಡುವುದಿಲ್ಲ. ಒಂದನೇ, ನಾಲ್ಕನೇ ಮನೆಗಳ ಬಾಗಿಲು ಬಡಿದು, ಒಲೆ ಹಚ್ಚಿಸಿ, ಒಂದೊಂದೇ ವಾಲ್ವ್ ಮುಚ್ಚಿ ತೆರೆದು, ಯಾವುದು ಯಾರದು ಎಂದು ಖಚಿತ ಮಾಡಿಕೊಳ್ಳುತ್ತಾರೆ. ಮತ್ತೆ ತೆರೆಯುವ ಮುಂಚೆ ಒಲೆಗಳೆಲ್ಲ ಬಂದ್ ಆಗಿವೆಯೇ ಎಂದು ತಾವೇ ಒಳಗೆ ಹೋಗಿ ನೋಡುತ್ತಾರೆ. ಬೀಗ ಹಾಕಿದ ಮನೆಯ ವಾಲ್ವ್ ಮುಚ್ಚಿಯೇ ಇರಿಸಿ, ಬಾಗಿಲಿಗೆ ಚೀಟಿ ಅಂಟಿಸುತ್ತಾರೆ. ಕೊನೆಗೆ ಎರಡು ಎಂದು ಬರೆದ ವಾಲ್ವ್ ಮುಚ್ಚಿದಾಗ ಟೈಲರ್ ಮನೆಯ ಉರಿ ಕುಗ್ಗಿ, ಹಳದಿಯಾಗಿ, ಆರುತ್ತದೆ. ಈ ಸಲ ಕೂಗಿದವನು ಮೇಸ್ತ್ರಿ.

ಗಂಟೆ ಒಂಬತ್ತೂವರೆ. ಇವತ್ತಿನ ಲೆಕ್ಕ ಒಂದೇ ಮನೆ. ಮೇಲ್ವಿಚಾರಕನ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಗಿದೆ. ಮಾಮ ಬಿರಡೆ ಬಿಗಿದು, ನೊರೆ ಬಳಿದು ನೋಡಿ, ಬಿಲ್ಲೆಗಳನ್ನು ಬಿಚ್ಚಿ ಸರಿಯಾಗಿ ಕಟ್ಟುತ್ತಾರೆ. ಅಲ್ಲಿಗೆ ಮುಗಿಯಿತಲ್ಲ ಎನ್ನುತ್ತಾನೆ ಮೇಸ್ತ್ರಿ. ಬಿಲ್ಲೆ ಅದಲು ಬದಲಾಯಿತು, ಕಂಡವರು ನಾವು ಮೂರು ಮತ್ತೊಂದು ಜನ, ನಮ್ಮ ಬಾಯಿಗೂ ಒಂದು ಬಿರಡೆ ಹಾಕಿಬಿಡಿ, ಮೊದಲೇ ಆ ಹಲಗೆಯಲ್ಲಿ ನಿಮ್ಮ ಹೆಸರು ಕೆಟ್ಟಿದೆ ಎನ್ನುತ್ತಾನೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು ಅದು.

“ಈ ಹಿತ್ತಲು ಸರಿಹೋಯ್ತಪ್ಪ. ಆಗ ನಾಲ್ಕು ವರ್ಷ ನಾನು ಬಿಲ್ಲೆ ಕಟ್ಟೋದನ್ನೇ ಮಾಡಿದ್ದು. ಎಲ್ಲೆಲ್ಲಿ ಹಿಂಗೇ ಕಟ್ಟಿದ್ದೀನೋ? ನಮ್ಮ ಹುಡುಗರು ಅದನ್ನ ನೋಡ್ಕೊಂಡೇ ಮುಚ್ತಾ ಇದ್ದಾರೆ ಈಗ,” ಎನ್ನುತ್ತಾರೆ ಮಾಮ. ಪುಟ್ಟ ಒಲೆಯನ್ನು ಚೀಲಕ್ಕೆ ಹಾಕುತ್ತಾ, “ಬೇರೆಯವರ ಬಿಲ್ಲೆ ನಾನು ಯಾವತ್ತೂ ನಂಬಿದೋನಲ್ಲ. ನಂದನ್ನ ನಂಬಿದ್ದೆ,” ಎಂದು ಫೋನು ತೆಗೆಯುತ್ತಾರೆ.

ಮೇಲ್ವಿಚಾರಕನಿಗೆ ಹೇಳಿದ್ದರಲ್ಲಿ ಸುತ್ತು ಬಳಸು ಏನೂ ಇಲ್ಲ. ಬಿಲ್ಲೆ ತಪ್ಪು, ಕಟ್ಟಿದವನು ನಾನು, ಇನ್ನೆಷ್ಟು ಕಡೆ ಇದೆಯೋ ಗೊತ್ತಿಲ್ಲ, ಹುಡುಗರ ಕೈ ನಿಲ್ಲಿಸಿ. ಅಷ್ಟೇ. ಆ ಕಡೆಯಿಂದ ಕೆಲಸ ನಿಲ್ಲಿಸುತ್ತೇನೆ, ನೀವು ಕಚೇರಿಗೆ ಬನ್ನಿ ಎಂಬ ಮಾತು ಬರುತ್ತದೆ. ಉಗ್ರಾಣ ಖಾಯಂ ಆಯಿತು ಎಂದುಕೊಂಡೇ ಅವತ್ತು ಚೀಲ ಹೆಗಲಿಗೇರಿಸಿದೆ ಎಂದು ಮಾಮ ಈಗ ಹೇಳುತ್ತಾರೆ.

ಇದಾಗಿ ನಾಲ್ಕು ತಿಂಗಳು. ಆ ನಾಲ್ಕು ವರ್ಷಗಳ ಕೆಲಸವನ್ನು ಮಾಮ ಒಂದು ರಟ್ಟಿನ ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಹಿತ್ತಲಲ್ಲಿ ಪೆಟ್ಟಿಗೆ ಇರುವ ಕಟ್ಟಡಗಳು ಅದರಲ್ಲಿ ನೂರಾ ಮೂವತ್ತು. ಮೊದಲ ವಾರ ನೋಡಿದ್ದು ಬಿಲ್ಲೆ ನಂಬಿ ಆಗಲೇ ಬಿರಡೆ ಹಾಕಿದ್ದ ಹದಿನಾರು ಕಟ್ಟಡ. ಹದಿನೈದರಲ್ಲಿ ಎಲ್ಲ ಸರಿಯಿತ್ತು. ಒಂದರಲ್ಲಿ ಇರಲಿಲ್ಲ. ಅಲ್ಲಿಯೂ ಬಿಲ್ಲೆ ತಿರುಗುಮುರುಗು. ಪಕ್ಕದ ಮನೆಯವರೂ ಕರೆಂಟಿಗೆ ಹೊರಳಿದ್ದರಿಂದ ಯಾರ ಗ್ಯಾಸು ನಿಂತಿತು, ಯಾರದು ನಿಂತಿಲ್ಲ ಎಂದು ಯಾರಿಗೂ ತಿಳಿದಿರಲಿಲ್ಲ. ಹೊಚ್ಚ ಹೊಸ ಕಪಾಟಿನ ಹಿಂದೆ ಪೈಪಿದೆ, ಬಿಚ್ಚಬೇಕು ಎಂದಾಗ ಮನೆಯ ಯಜಮಾನರು ಅಷ್ಟೆತ್ತರಕ್ಕೆ ಹಾರಾಡಿದರಂತೆ. ನಮ್ಮ ಮನೆಯಲ್ಲಿ ಗ್ಯಾಸೇ ಇಲ್ಲ, ಹೋದ ತಿಂಗಳೇ ತೆಗೆಸಿದ್ದೇವೆ ಎಂದರಂತೆ. ಮಾಮ ಸ್ಕ್ರೂ ಬಿಚ್ಚಿ, ಕಪಾಟು ಸರಿಸಿ, ಪುಟ್ಟ ಒಲೆ ಸೇರಿಸಿ ಕಡ್ಡಿ ಗೀರಿದರು. ಗ್ಯಾಸೇ ಇಲ್ಲದ ಮನೆಯಲ್ಲಿ ಉರಿ ಎದ್ದು ನಿಂತಿತು. ಎಲ್ಲ ಮುಗಿದು ಬಿರಡೆ ಬಿದ್ದ ಮೇಲೆ ಯಜಮಾನರು ಆಡಿದ ಮಾತು ಒಂದೇ: ನೆಲದ ಮೇಲಿನ ಸೋಪಿನ ನೀರು ಒರೆಸಿ ಹೋಗಿ.

ಕೇಳಿದವರಿಗೆ ಮೈ ಉರಿಯುವ ಮಾತು. ಬಿರಡೆ ಮಾಮನಿಗೆ ಉರಿಯಲಿಲ್ಲ. “ಒರೆಸಿದೆ. ಜಾರಿ ಬಿದ್ದಾರು ಅಂತ ಅವರಿಗೆ ಭಯ. ನನಗೆ ಬೇರೆ ಭಯ ಇತ್ತು. ಅದು ಅಲ್ಲಿಗೆ ಹೋಯ್ತಲ್ಲ,” ಎನ್ನುತ್ತಾರೆ.

ಕಚೇರಿ ಎರಡು ಕೆಲಸ ಮಾಡಿತು. ಇಪ್ಪತ್ತೆರಡು ವರ್ಷದ ಹಿಂದಿನ ತಪ್ಪಿಗೆ ಮಾಮನಿಗೆ ಒಂದು ಎಚ್ಚರಿಕೆ ಪತ್ರ ಕೊಟ್ಟಿತು. ಎಲ್ಲ ಫಿಟ್ಟರುಗಳಿಗೂ ಒಂದೊಂದು ಪುಟ್ಟ ಒಲೆ ಕೊಟ್ಟಿತು. ಈ ಎರಡನ್ನೂ ಒಂದೇ ದಿನ ಕೊಡಲು ಯಾರಿಗೂ ನಾಚಿಕೆಯಾಗಲಿಲ್ಲ. ಮಾಮ ಪತ್ರಕ್ಕೆ ಸಹಿ ಹಾಕಿದರು, ಅದು ಸರಿಯಾಗಿಯೇ ಇದೆ ಎಂದರು. ಹಲಗೆಯ ಮೇಲೆ ಈಗ ಎಲ್ಲರ ಲೆಕ್ಕವೂ ಐದಕ್ಕೆ ಇಳಿದಿದೆ. ಉಗ್ರಾಣದ ಸುದ್ದಿಯನ್ನು ಯಾರೂ ಎತ್ತುತ್ತಿಲ್ಲ. ಅಲ್ಲಿಗೆ ಬೇರೊಬ್ಬರು ಸೇರಿ, ಖುಷಿಯಾಗಿ ವಾಷರ್ ಎಣಿಸಿಕೊಂಡಿದ್ದಾರೆ. ಟೈಲರ್ ಮನೆಯ ಅತ್ತೆ ಹೊಸ ಒಲೆಯಲ್ಲಿ ಹಾಲು ಕಾಯಿಸುವುದನ್ನು ಕಲಿತಿದ್ದಾರೆ. ಈಗಲೂ ಉಕ್ಕಿಸುತ್ತಾರೆ.

ನೋಟ್ ಪುಸ್ತಕದ ನೂರಾ ಮೂವತ್ತರಲ್ಲಿ ಮೂವತ್ತೆಂಟು ಮುಗಿದಿವೆ. ಉಳಿದದ್ದನ್ನು ದಿನದ ಕೆಲಸದ ಜೊತೆಗೆ ವಾರಕ್ಕೆ ಒಂದೋ ಎರಡೋ ನೋಡುತ್ತಿದ್ದಾರೆ. ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ. ನಾಲ್ಕು ಜನರಿಗೆ ಹಂಚಿದರೆ ಬೇಗ ಆಗುತ್ತದೆಂದು ಮೇಲ್ವಿಚಾರಕ ಪುಸ್ತಕ ಕೇಳಿ ಪಡೆದನಂತೆ. ಎರಡು ದಿನ ಇಟ್ಟುಕೊಂಡು ಹಿಂದಕ್ಕೆ ತಂದುಕೊಟ್ಟ. ಮಾಮನ ಅಕ್ಷರ ಕಚೇರಿಯಲ್ಲಿ ಯಾರಿಗೂ ಓದಲು ಬರಲಿಲ್ಲ. ಇದನ್ನು ಹೇಳುವಾಗ ಅವರ ಮುಖದಲ್ಲಿ ಕಾಣುವುದು ಸಂಕೋಚವೇನಲ್ಲ.

ನಿವೃತ್ತಿಯೊಳಗೆ ಮುಗಿಯದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರೆ, ಸಂಬಳ ನಿಂತರೆ ಕಾಲೂ ನಿಲ್ಲುತ್ತದೆಯೇ ಎನ್ನುತ್ತಾರೆ. ಚೀಲ ತಮ್ಮದು, ಒಲೆ ತಮ್ಮದು, ತಪ್ಪೂ ತಮ್ಮದೇ. ಯಾರಿಂದಲೂ ಏನೂ ಬೇಡವೇ ಎಂದು ಮತ್ತೆ ಕೆದಕಿದರೆ, ಹೆಗಲಿನ ಚೀಲ ಕೆಳಗಿಳಿಸುತ್ತಾರೆ.

“ಒಂದಿದೆ. ಪೇಪರಲ್ಲಿ ಹಾಕ್ತೀರಾದ್ರೆ ಹಾಕಿ. ಬೆಳಗ್ಗೆ ಐದೂವರೆಗೆ ಯಾರೋ ನಿಮ್ಮ ಹಿತ್ತಲಲ್ಲಿ ಕಂಡ್ರೆ ನಾನೇ ಅಂತ ತಿಳ್ಕೊಳ್ಳಿ. ನಾಯಿ ಕಟ್ಟಿ ಹಾಕಿರಿ. ಮಿಕ್ಕಿದ್ದು ನಾನು ನೋಡ್ಕೋತೀನಿ.”